ಜವರಮ್ಮನ ಹಿತ್ತಿಲ ಬಿರುಕು

1900ನೇ ಇಸವಿ ಫೆಬ್ರವರಿ 8ನೇ ತಾರೀಖು, ಗುರುವಾರ, ಮದರಾಸು ಕಾಲಮಾನದಂತೆ ಬೆಳಗಿನ ಜಾವ ಮೂರು ಗಂಟೆ ಹನ್ನೊಂದು ನಿಮಿಷಕ್ಕೆ ನೆಲ ನಡುಗಿತು. ಕೊಯಮತ್ತೂರಿನ ಕಡೆ ಮನೆಗಳು ಬಿದ್ದವು. ನಂಜನಗೂಡಿನಲ್ಲಿ ಪಾತ್ರೆಗಳು ಉರುಳಿದವು, ನಾಯಿಗಳು ಬೊಗಳಿದವು. ಜನ ಉಟ್ಟ ಬಟ್ಟೆಯಲ್ಲೇ ಬೀದಿಗೆ ಓಡಿ ಬಂದರು. ಏನೂ ಆಗದ್ದನ್ನು ಕಂಡು ಒಬ್ಬರ ಮುಖ ಒಬ್ಬರು ನೋಡಲಾರದೆ ಮತ್ತೆ ಒಳಗೆ ಹೋದರು.

ವಾರ ಕಳೆದ ಮೇಲೆ ಬಸವಯ್ಯ ಗಾಡಿ ಕಟ್ಟಿಸಿಕೊಂಡು ಊರೂರು ಸುತ್ತಲು ಹೊರಟ. ಅವನಿಗೆ ಇಪ್ಪತ್ತಾರು ವರ್ಷ. ಬೆಂಗಳೂರಿನ ಕಾಲೇಜಿನಲ್ಲಿ ವಿಜ್ಞಾನ ಓದಿ, ನೆಲದ ಕಲ್ಲುಮಣ್ಣು ಪರೀಕ್ಷಿಸುವ ಸರ್ಕಾರಿ ಕೆಲಸದಲ್ಲಿ ಸಹಾಯಕನಾಗಿ ಸೇರಿದ್ದ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ನಡುಕ ಎಷ್ಟು ಜೋರಾಗಿತ್ತು, ಯಾವ ವಸ್ತು ಯಾವ ದಿಕ್ಕಿಗೆ ಬಿತ್ತು, ಗೋಡೆ ಎಲ್ಲಿ ಬಿರಿಯಿತು ಎಂದು ಕೇಳಿ ತಿಳಿದುಬರುವುದು ಅವನಿಗೆ ಒಪ್ಪಿಸಿದ ಕೆಲಸ.

ಕೇಳುವುದು ಸುಲಭವಾಗಿತ್ತು, ಉತ್ತರಗಳನ್ನು ನಂಬುವುದು ಕಷ್ಟವಾಗಿತ್ತು. ಹೆಮ್ಮಿಗೆಯಲ್ಲಿ ರಂಗನಾಯಕನೆಂಬ ರೈತ ಕೈಕಟ್ಟಿ ನಿಂತು ಸಾಕ್ಷಿ ನುಡಿದ.

"ಮಂಚ ಅಲ್ಲಾಡ್ತು ಸಾ. ನಾನೇ ಅಲ್ಲಾಡುಸ್ತಾ ಇವ್ನಿ ಅನ್ಕೊಂಡು ನನ್ನೆಂಡ್ರು ಒದ್ದುಬುಟ್ಲು."

"ನೀನು ಯಾವ ದಿಕ್ಕಿಗೆ ಬಿದ್ದೆ?"

"ಮೂಡ್ಲಾಗೆ. ಆದ್ರೆ ಅದು ಭೂಮ್ತಾಯಿ ತಳ್ಳಿದ್ದಲ್ಲ ಸಾ, ಇವ್ಳು ತಳ್ಳಿದ್ದು. ಬರ್ಕೊಬ್ಯಾಡಿ."

ಬಸವಯ್ಯ ಬರೆದುಕೊಳ್ಳಲಿಲ್ಲ. ಅವನ ಮನಸ್ಸು ಬೇರೆಯದನ್ನೇ ಹುಡುಕುತ್ತಿತ್ತು. ಆಗ ವಿದ್ವಾಂಸರ ನಡುವೆ ಒಂದು ವಾದವಿತ್ತು. ಭೂಮಿ ನಡುಗಿದ್ದರಿಂದ ನೆಲ ಬಿರಿಯುತ್ತದೆ ಎಂದು ಕೆಲವರು. ಅಲ್ಲ, ಆಳದಲ್ಲಿ ಮೊದಲೇ ಇರುವ ಬಿರುಕು ಜಾರಿದ್ದರಿಂದಲೇ ಭೂಮಿ ನಡುಗುತ್ತದೆ ಎಂದು ಇನ್ನು ಕೆಲವರು. ಎರಡನೆಯವರ ಕಡೆ ಜಪಾನು ದೇಶದ ಒಂದು ಚಿತ್ರವಿತ್ತು. ಒಂಬತ್ತು ವರ್ಷದ ಹಿಂದೆ ಅಲ್ಲಿ ಭಾರಿ ಭೂಕಂಪವಾದಾಗ ಹೊಲಗಳ ನಡುವಿನ ಒಂದು ದಾರಿ ಕೊಯ್ದಂತೆ ತುಂಡಾಗಿ, ಒಂದು ಬದಿ ಇಪ್ಪತ್ತು ಅಡಿಯಷ್ಟು ಮೇಲೆ ನಿಂತುಬಿಟ್ಟಿತ್ತು. ಕಲ್ಲಿನ ಪದರ ಹೀಗೆ ಸೀಳಿ ಒಂದು ಬದಿ ಇನ್ನೊಂದನ್ನು ಬಿಟ್ಟು ಸರಿದರೆ ಅದನ್ನು ಸ್ತರಭಂಗ ಎನ್ನುತ್ತಾರೆ. ಕಾಲೇಜಿನಲ್ಲಿ ಆ ಚಿತ್ರವನ್ನು ನೋಡಿದಾಗಿನಿಂದ ಅಂಥದ್ದನ್ನು ತನ್ನ ಸೀಮೆಯಲ್ಲಿ ತಾನೇ ಮೊದಲು ಕಾಣಬೇಕೆಂಬ ಆಸೆ ಬಸವಯ್ಯನಿಗೆ. ಆಸೆಯನ್ನು ಯಾರಿಗೂ ಹೇಳಿರಲಿಲ್ಲ, ಹೇಳಿಕೊಳ್ಳುವಂಥದ್ದೆಂದು ಅವನಿಗೇ ಅನ್ನಿಸಿರಲಿಲ್ಲ.

ಕವಲಂದೆ ಅವನ ಹುಟ್ಟೂರು. ತಂದೆ ಚಿಕ್ಕಬಸಪ್ಪ ಅಲ್ಲಿನ ಪಟೇಲ. ಅವರ ಮನೆಯನ್ನು ಊರವರು ದೊಡ್ಡಮನೆ ಎಂದು ಕರೆಯುತ್ತಿದ್ದುದು ಅದರ ಅಳತೆಗಲ್ಲ, ಬಸವಯ್ಯನ ತಾತನ ಹೆಸರಿಗೆ. ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ಜನ ಹಾದಿಬದಿಯಲ್ಲಿ ಸಾಯುತ್ತಿದ್ದಾಗ, ತಾತ ತನ್ನ ಕೊನೆಯ ಹಗೇವನ್ನು ಊರ ಮುಂದೆ ತೆಗೆಸಿ ಮನೆಗಿಷ್ಟೆಂದು ರಾಗಿ ಅಳೆದುಕೊಟ್ಟಿದ್ದ. ಹಗೇವೆಂದರೆ ನೆಲದಡಿಯ ಕಣಜ. ಗಟ್ಟಿ ಗರಸು ಮಣ್ಣಿನಲ್ಲಿ ಹೂಜಿಯಂತೆ ತೋಡಿ, ಒಳಮೈಗೆ ಹುಲ್ಲು ಹೊದಿಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಒಂದು ತಲೆಮಾರು ಕಳೆದರೂ ಕಾಳು ಕೆಡದು. ಅದನ್ನು ತೆಗೆಯುವುದು ಮಾತ್ರ ಗುಟ್ಟಾಗಿ ಆಗುವ ಕೆಲಸವಲ್ಲ. ಚಪ್ಪಡಿ ಎತ್ತಲು ನಾಲ್ಕು ಆಳು ಬೇಕು, ಒಳಗಿನ ಕೆಟ್ಟ ಗಾಳಿ ಹೋಗಲು ಅರ್ಧ ದಿನ ಕಾಯಬೇಕು, ದೀಪ ಇಳಿಸಿ ನೋಡಬೇಕು. ಅಷ್ಟರಲ್ಲಿ ಆ ಕಮಟು ವಾಸನೆ ಹಿಡಿದು ಊರೇ ಮೊರ ಹಿಡಿದು ಬಂದಿರುತ್ತದೆ.

ಆ ಬರದಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ಹತ್ತು ವರ್ಷದ ಹೆಣ್ಣುಮಗುವಿಗೆ ತಾತ ತನ್ನ ಹಳೆಯ ದನದ ಕೊಟ್ಟಿಗೆಯ ಜಾಗ ಕೊಟ್ಟು ಗುಡಿಸಲು ಹಾಕಿಸಿಕೊಟ್ಟಿದ್ದ. ಆ ಮಗುವೇ ಜವರಮ್ಮ. ಮದುವೆಯಾಗಿ, ಗಂಡ ತೀರಿಹೋಗಿ, ಅದೇ ಗುಡಿಸಲಲ್ಲಿ ಊರವರಿಗೆ ಕೂಲಿಗೆ ರಾಗಿ ಬೀಸಿಕೊಂಡು ಒಬ್ಬಳೇ ಇದ್ದಳು.

ಊರೂರು ಸುತ್ತುತ್ತಾ ಬಸವಯ್ಯ ಕವಲಂದೆಗೆ ಬಂದಾಗ, ನಡುಕಕ್ಕೆ ನೆಲ ಕುಸಿದದ್ದು ಅವಳ ಹಿತ್ತಿಲಲ್ಲಿ ಎಂದು ತಿಳಿಯಿತು. ಹೋಗಿ ನೋಡಿದ. ಮೂಡಣದಿಂದ ಪಡುವಣಕ್ಕೆ ಗೀಟು ಎಳೆದಂತೆ ಒಂದು ಅಂಚು. ಅದರ ಬಡಗಣ ಬದಿ ಇದ್ದ ಹಾಗೇ ಇತ್ತು, ತೆಂಕಣ ಬದಿ ಏಳು ಅಂಗುಲ ಕೆಳಗೆ ಇಳಿದಿತ್ತು. ಜಪಾನಿನ ಚಿತ್ರವೇ ಚಿಕ್ಕದಾಗಿ ಅವನ ಕಾಲ ಬುಡದಲ್ಲಿ ಬಿದ್ದಿತ್ತು.

ಗುಡಿಸಲಿನ ಹಿಂಬಾಗಿಲು ತೆರೆದಿತ್ತು. ಅಂಚಿನಿಂದ ಎರಡು ಮಾರು ದೂರದಲ್ಲಿ, ಬಾಗಿಲ ಒಳಗೆ, ಒಂದರ ಮೇಲೊಂದು ಪೇರಿಸಿದ ಮಡಕೆಗಳ ಅಡಕಲು ನಿಂತಿತ್ತು. ತಳದಲ್ಲಿ ದೊಡ್ಡದು, ತುದಿಯಲ್ಲಿ ಮುಷ್ಟಿಯಷ್ಟು ಕುಡಿಕೆ. ಬಂಡೆಯೇ ಸೀಳಿ ಇಳಿದಿದ್ದರೆ ಆ ಕುಡಿಕೆ ಅಲ್ಲಿ ನಿಲ್ಲುತ್ತಿರಲಿಲ್ಲ. ಬಸವಯ್ಯ ಅದನ್ನು ನೋಡಿದ. ಬಿದ್ದದ್ದನ್ನು ಆಮೇಲೆ ಪೇರಿಸಿಟ್ಟೆಯಾ ಎಂದು ಒಂದು ಮಾತು ಕೇಳಬೇಕಿತ್ತು. ಮಂಚದಿಂದ ಬಿದ್ದವನ ದಿಕ್ಕು ಕೇಳಿದ್ದವನು ಇಲ್ಲಿ ಕೇಳಲಿಲ್ಲ. ಅಳತೆಯ ಟೇಪನ್ನು ಬಿಚ್ಚಿದ.

ಮರುದಿನವೇ ನಂಜನಗೂಡಿಗೆ ಆಳನ್ನು ಅಟ್ಟಿ, ಸ್ತರಭಂಗ ಸಿಕ್ಕಿದೆ ಎಂದು ಮೇಲಧಿಕಾರಿಗೆ ತಂತಿ ಕೊಡಿಸಿದ. ಇನ್ನೊಮ್ಮೆ ಜಾರಬಹುದಾದ ನೆಲದ ಮೇಲೆ ಮನುಷ್ಯರು ಇರುವುದು ಕ್ಷೇಮವಲ್ಲವೆಂದು ತಾಲ್ಲೂಕು ಕಚೇರಿಗೂ ತಿಳಿಸಿದ. ಗುಡಿಸಲು ತೆರವು ಮಾಡಬೇಕೆಂಬ ಹುಕುಂ ಬಂತು.

ಊರ ಕಟ್ಟೆಯ ಮೇಲೆ ಅವನು ಜನರಿಗೆ ವಿಷಯವನ್ನು ಬಿಡಿಸಿ ಹೇಳಿದ.

"ನರಸೀಪುರದ ಹೊಳೆ ಮರಳಲ್ಲಿ ಗಾಡಿ ಹೂತುಕೊಂಡಿದ್ದು ನೋಡಿದೀರಲ್ಲ? ಎತ್ತು ಎಳೀತವೆ, ನೊಗದ ಮಿಣಿ ಹಗ್ಗ ಬಿಗಿಯುತ್ತೆ, ಗಾಡಿಯ ಮೂಕಿ ಮರ ಬಗ್ಗುತ್ತೆ, ಚಕ್ರ ಮಾತ್ರ ಕದಲೋದಿಲ್ಲ. ಎಳೆದದ್ದೆಲ್ಲ ಆ ಮಿಣಿಯಲ್ಲಿ, ಮೂಕಿಯಲ್ಲಿ ಸೇರಿಕೊಂಡಿರುತ್ತೆ. ಕೊನೆಗೆ ಒಂದು ಸಲ ಚಕ್ರ ಹಿಡಿತ ಬಿಟ್ಟು ದಡಕ್ಕನೆ ಮುಂದಕ್ಕೆ ಹಾರುತ್ತೆ."

"ಒಳಗೆ ಕುಂತೋರ ಸೊಂಟ ಮುರೀತದೆ," ಎಂದ ಹುಚ್ಚಯ್ಯ. ಗಾಡಿ ಹೊಡೆದು ಬದುಕುವವನು.

"ಅದೇ ಭೂಕಂಪ. ಆಳದ ಬಿರುಕಿನ ಎರಡು ಬದಿಯ ಬಂಡೆಗಳು ಕಚ್ಚಿಕೊಂಡಿರುತ್ತವೆ. ಭೂಮಿಯೊಳಗಿನ ಒತ್ತಡ ಅವನ್ನ ಬೇರೆ ಬೇರೆ ಕಡೆ ತಳ್ಳುತ್ತಲೇ ಇರುತ್ತೆ. ನೂರಾರು ವರ್ಷ ಬಂಡೆ ಬಗ್ಗುತ್ತದೆಯೇ ಹೊರತು ಜಾರೋದಿಲ್ಲ. ಯಾವತ್ತೋ ಕಚ್ಚಿದ ಹಿಡಿತ ಸೋಲುತ್ತೆ. ಬಗ್ಗಿದ್ದು ನೆಟ್ಟಗಾಗುತ್ತೆ. ಆ ಹೊಡೆತವೇ ನಮಗೆ ತಟ್ಟಿದ್ದು."

"ಅಂಗಾರೆ ಜವರಿ ಇಷ್ಟು ದಿನ ಮೂಕಿ ಮ್ಯಾಲೆ ಕುಂತವ್ಳೆ ಅನ್ನಿ," ಎಂದು ಹುಚ್ಚಯ್ಯ ನಕ್ಕ. ಎಲ್ಲರೂ ನಕ್ಕರು. ಬಸವಯ್ಯನೂ ನಕ್ಕ.

ಜವರಮ್ಮ ಗುಂಪಿನ ಹಿಂದೆ ನಿಂತಿದ್ದಳು. ಅವಳು ನಗಲಿಲ್ಲ.

"ಅಲ್ಲಾ ಕಣಪ್ಪ ಬಸವಯ್ಯ, ಒತ್ತಾರೆ ಎದ್ರೆ ಬೀಸಾಕಿಲ್ವಾ ನಾನು? ಎಲ್ಲಿ ಓಗಿ ಕುಂತ್ಕಳ್ಲಿ?"

"ಬದನವಾಳಿನಲ್ಲಿ ನಿನ್ನ ಗಂಡನ ಕಡೆಯವರಿದ್ದಾರಲ್ಲ."

"ಅವ್ರು ಗಂಡ ಓದಾಗ್ಲೇ ಬಾಗ್ಲು ಆಕ್ಕೊಂಡ್ರು. ಈ ಜಾಗ ನಿಮ್ತಾತ ಕೊಟ್ಟಿದ್ದು. ಅವ್ರ ಎಸ್ರು ಏಳ್ಕೊಂಡು ದೀಪ ಅಚ್ತೀನಿ. ನೀನು ಓದ್ದೋನು, ಇನ್ನೊಂದ್ಸಾರಿ ಸರ್ಯಾಗಿ ನೋಡು."

"ನೋಡಿಯೇ ಹೇಳಿದ್ದು ಜವರಕ್ಕ. ನಿನ್ನ ಜೀವದ ಮಾತು ಇದು."

ಹೇಳುವಾಗ ಅವನ ದನಿಯಲ್ಲಿ ಕರುಣೆಯಿತ್ತು. ಆ ಕರುಣೆ ಕೇಳಲು ಚೆನ್ನಾಗಿದೆ ಎಂದು ಅವನಿಗೇ ಅನಿಸಿದ್ದು ಆಮೇಲೆ ಬಹಳ ಕಾಲ ಅವನನ್ನು ಕುಟುಕಿತು.

ಮೇಲಧಿಕಾರಿಯ ಉತ್ತರ ಬಂತು. ಬಿರುಕಿಗೆ ಅಡ್ಡವಾಗಿ ಒಂದು ಕಾಲುವೆ ತೋಡಿಸಿ, ಕೆಳಗಿನ ಪದರಗಳು ಎಷ್ಟು ಸರಿದಿವೆಯೆಂದು ಅಳೆದಿಡಬೇಕು, ತಾನು ಮುಂದಿನ ವಾರ ಬಂದು ನೋಡುವುದಾಗಿ ತಿಳಿಸಿದ್ದ. ಬಸವಯ್ಯ ಹಿಗ್ಗಿದ. ಚಿಕ್ಕಬಸಪ್ಪ ಮಾತ್ರ ಊಟದ ಮುಂದೆ ಕುಳಿತು ಮುದ್ದೆ ಮುರಿಯದೆ ಹೇಳಿದ:

"ಅಗ್ಯೋದು ಯಾಕಪ್ಪ? ಮ್ಯಾಲೆ ಕಂಡದ್ದು ಬರ್ದು ಕಳ್ಸು."

"ಹುಕುಂ ಆಗಿದೆ ಅಪ್ಪಾಜಿ."

"ಅಂಗಾದ್ರೆ ಮೊದ್ಲು ಅವ್ಳು ಓಗ್ಲಿ. ನಮ್ಮ ಗಾಡೀಲೇ ಸಾಮಾನು ಏರ್ಸಿ ಕಳಿಸ್ಕೊಡ್ತೀನಿ. ಆಮ್ಯಾಕೆ ಅಗಿ."

ತಂದೆಗೆ ಅವಳ ಪ್ರಾಣದ ಚಿಂತೆ ಎಂದುಕೊಂಡ ಬಸವಯ್ಯ. ಆದರೆ ಮೇಲಧಿಕಾರಿ ಬರುವಷ್ಟರಲ್ಲಿ ಕೆಲಸ ಮುಗಿಯಬೇಕಿತ್ತು. ಸೋಮವಾರ ಬೆಳಿಗ್ಗೆ ಗುಡಿಸಲಿನ ಮುಂದೆ ಹುಚ್ಚಯ್ಯ ಜವರಮ್ಮನ ಸಾಮಾನನ್ನು ಗಾಡಿಗೆ ಏರಿಸುತ್ತಿರುವಾಗಲೇ, ಹಿಂದೆ ಹಿತ್ತಿಲಲ್ಲಿ ಬಸವಯ್ಯ ಸಿದ್ದಯ್ಯನ ಕೈಗೆ ಪಿಕಾಸಿ ಕೊಟ್ಟ. ಸಿದ್ದಯ್ಯ ದೊಡ್ಡಮನೆಯ ಹಳೆಯ ಆಳು.

ಮೊಳದುದ್ದ ಅಗೆಯುವಷ್ಟರಲ್ಲಿ ಅಂಚಿನ ಕೆಳಗೆ ಕಲ್ಲು ಕಾಣಿಸಿತು. ಬಂಡೆಯಲ್ಲ. ಕಟ್ಟಿದ ಕಲ್ಲು, ಸಾಲಾಗಿ, ಮಣ್ಣಿನ ಗಾರೆಯಲ್ಲಿ. ಹಳೆಯ ಕೊಟ್ಟಿಗೆಯ ತಳಪಾಯ. ಅದರ ಗೆರೆಯೇ ಮೇಲಿನ ಅಂಚಿನ ಗೆರೆ.

ಬಸವಯ್ಯ ಕಾಲುವೆಯೊಳಗೆ ಇಳಿದು ಮಂಡಿಯೂರಿದ. ಬಿರುಕು ಜಾರಿದ ಜಾಗದಲ್ಲಿ ಕಲ್ಲು ಕಲ್ಲನ್ನು ಅರೆದು ಹಿಟ್ಟಾಗಿರಬೇಕು, ಉಜ್ಜಿದ ಮುಖ ಕನ್ನಡಿಯಂತೆ ನುಣುಪಾಗಿರಬೇಕು. ಅಂಥದ್ದೇನೂ ಇರಲಿಲ್ಲ. ತಳಪಾಯದ ಕೆಳಗೆ ಗರಸಿನಲ್ಲಿ ಸುಣ್ಣಕಲ್ಲಿನ ಒಂದು ಬಿಳಿ ಪಟ್ಟಿ ಹಾದಿತ್ತು. ತೆಂಕಣ ಬದಿಯಲ್ಲಿ, ಕುಸಿದ ಮಣ್ಣನ್ನು ದಾಟಿ ಇನ್ನೊಂದು ಗುಂಡಿ ತೋಡಿಸಿದ. ಅಲ್ಲೂ ಅದೇ ಬಿಳಿ ಪಟ್ಟಿ. ದಾರ ಹಿಡಿದು ಮಟ್ಟ ನೋಡಿದ. ಒಂದು ಗೋಧಿಕಾಳಿನಷ್ಟೂ ಸರಿದಿರಲಿಲ್ಲ. ಕೆಳಗಿನ ಭೂಮಿ ಇದ್ದ ಹಾಗೇ ಇತ್ತು. ಇಳಿದದ್ದು ನಡುವಿನ ಮಣ್ಣು ಮಾತ್ರ.

ಆ ನಡುವಿನ ಮಣ್ಣಿಗೆ ಸಿದ್ದಯ್ಯ ಪಿಕಾಸಿ ಹಾಕಿದ. ಟಣ್ಣೆಂದಿತು. ಕೈಯಿಂದ ಸವರಿದ. ದುಂಡನೆಯ ಚಪ್ಪಡಿ, ಅಂಚಿಗೆ ಸಗಣಿ ಕಲಸಿದ ಕೆಮ್ಮಣ್ಣಿನ ಮೆತ್ತಿಗೆ, ಅದರಲ್ಲಿ ಹುಲ್ಲಿನ ಎಳೆ. ಅದು ಏನೆಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಸಿದ್ದಯ್ಯ ಪಿಕಾಸಿಯನ್ನು ಮೆಲ್ಲಗೆ ಕೆಳಗಿಟ್ಟು, "ನೀರು ಕುಡ್ದು ಬತ್ತೀನಿ ಬುದ್ಧಿ," ಎಂದು ಬೇರೆ ಕಡೆ ನೋಡುತ್ತಾ ಹೊರಟುಹೋದ.

ಚಿಕ್ಕಬಸಪ್ಪ ಬಂದು ಗುಂಡಿಯ ದಡದಲ್ಲಿ ಕುಕ್ಕರಗಾಲಲ್ಲಿ ಕುಳಿತ. ಮಗ ಕೆಳಗೆ, ತಂದೆ ಮೇಲೆ.

"ಎಷ್ಟಿವೆ?" ಎಂದು ಬಸವಯ್ಯ ಕೇಳಿದ.

"ಸಾಲಾಗಿ ಮೂರು."

"ತಾತ ತೆಗೆಸಿದ್ದು ಕೊನೆಯದು ಅಂತಾರಲ್ಲ."

ಚಿಕ್ಕಬಸಪ್ಪ ಒಂದು ಹುಲ್ಲುಕಡ್ಡಿ ಮುರಿದ. "ಇನ್ನೊಂದು ವರ್ಸ ಮಳೆ ಓದ್ರೆ ಏನ್ಮಾಡದು ಅಂತ ಮುಚ್ಚಿಟ್ರು. ನಿಂಗಾಗ ಮೂರು ವರ್ಸ ಕಣಪ್ಪ. ನಿನ್ನ ಮೊಕ ನೋಡಿ ಮುಚ್ಚಿಟ್ಟಿದ್ದು."

"ಮಳೆ ಬಂತಲ್ಲ. ಆಮೇಲಾದರೂ ತೆಗೀಬಹುದಿತ್ತಲ್ಲ."

"ಎಂಗೆ ತೆಗೀತೀಯ? ಅಗೇವು ಕದ್ದು ತೆಗ್ಯಾಕಾಯ್ತದಾ? ಕೊನೇದು ಅಂತ ಊರ ಮುಂದೆ ಅಳ್ದು ಕೊಟ್ಟು, ಜನ ಕಾಲಿಗೆ ಬಿದ್ದು ಓದ ಮ್ಯಾಕೆ, ಇನ್ನೂ ಮೂರು ಅವೆ ಅಂತ ಯಾವ ಬಾಯ್ನಲ್ಲಿ ಏಳದು? ನಮ್ಮಪ್ಪ ಸಾಯೋಗಂಟ ಈ ಕಡೆ ತಿರುಗಿ ನೋಡ್ನಿಲ್ಲ."

"ಅವಳನ್ನ ತಂದು ಇದರ ಪಕ್ಕವೇ ಕೂರಿಸಿದ್ದು?"

ಬೀದಿಯ ಕಡೆ ಬೀಸುಕಲ್ಲನ್ನು ಗಾಡಿಗೆ ಎತ್ತುವ ಸದ್ದು ಕೇಳುತ್ತಿತ್ತು.

"ಮುಚ್ಚಿಸ್ಬುಡು," ಎಂದ ಚಿಕ್ಕಬಸಪ್ಪ, ತಗ್ಗಿದ ದನಿಯಲ್ಲಿ. "ಸಿದ್ದಯ್ಯ ಬಾಯಿ ಬುಡಾಕಿಲ್ಲ. ನೀನು ಬಿರುಕು ಅಂತ ತಂತಿ ಕಳ್ಸಿದೀಯೆ, ಬಿರುಕಾಗೇ ಇರ್ಲಿ. ಪಕ್ಕದಲ್ಲಿ ಎಲ್ಲಾನಾ ಇನ್ನೊಂದು ಕಾಲ್ವೆ ತೋಡ್ಸಿ ತೋರ್ಸು. ನಿನ್ನ ಎಸ್ರೂ ಉಳೀತದೆ, ತಾತುನ್ದೂ ಉಳೀತದೆ. ಅವ್ಳಿಗೆ ನಾನು ವರ್ಸೊಪ್ಪತ್ತಿಗೆ ಕಾಳು ಕಳ್ಸ್ತೀನಿ."

ಬಸವಯ್ಯನಿಗೆ ಒಂದು ಗಳಿಗೆ ಆ ಮಾತು ಹಿತವಾಗಿ ಕೇಳಿಸಿತು. ಎಲ್ಲಿ ತೋಡಿಸಬಹುದೆಂದು ಕಣ್ಣು ಆಗಲೇ ಪಡುವಣ ಬೇಲಿಯ ಕಡೆ ಹೋಗಿತ್ತು. ಅಲ್ಲಿ ಗರಸು ಮೊದಲೇ ಒಡೆದಿದೆ, ನೋಡುವವರಿಗೆ ನಂಬಿಕೆ ಬರುತ್ತದೆ ಎಂಬುದೂ ಹೊಳೆದಿತ್ತು. ಹೊಳೆದದ್ದು ಅರಿವಾದ ಕೂಡಲೇ ಅವನ ಮುಖ ಕಿವಿಯವರೆಗೂ ಸುಟ್ಟಿತು. ತಂದೆಯ ಮೇಲೆ ಕೋಪ ಮಾಡಿಕೊಳ್ಳಲು ನೋಡಿದ, ಬರಲಿಲ್ಲ. ತಂದೆ ಮಣ್ಣು ಮುಚ್ಚು ಎನ್ನುತ್ತಿದ್ದ. ತಾನು ಆ ಅಡಕಲು ಕಂಡ ದಿನವೇ ಮುಚ್ಚಿದ್ದ. ಯಾರೂ ಹೇಳಿಕೊಟ್ಟಿರಲಿಲ್ಲ, ಹಸಿವಿನ ಭಯವೂ ಇರಲಿಲ್ಲ.

ನೊಗಕ್ಕೆ ಎತ್ತು ಹೂಡಿದ ಗಂಟೆ ಸದ್ದಾಯಿತು. ಬಸವಯ್ಯ ಗುಂಡಿಯಿಂದ ಮೇಲೆ ಬಂದ. ಮಂಡಿಯ ಮಣ್ಣನ್ನು ಕೊಡವಲಿಲ್ಲ. ತಂದೆ ಅವನ ಪಂಚೆಯ ತುದಿ ಹಿಡಿದ. ಹಿಡಿದ ಕೈಯಲ್ಲಿ ಬಲವಿರಲಿಲ್ಲ, ತಾನೇ ಬಿಟ್ಟುಬಿಟ್ಟ.

"ಗಾಡಿ ನಿಲ್ಲಿಸು ಹುಚ್ಚಯ್ಯ."

ಜವರಮ್ಮ ಸಾಮಾನಿನ ನಡುವೆ ಒಂದು ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. "ಇನ್ನೇನಪ್ಪ? ಬೀಸುಕಲ್ಲೂ ಬುಟ್ಟೋಗ್ಬೇಕಾ?"

"ಇಳಿ ಜವರಕ್ಕ. ಅದು ಬಿರುಕಲ್ಲ. ನಾನು ತಪ್ಪು ಹೇಳಿದೆ. ತಪ್ಪಿರಬಹುದು ಅಂತ ಅನುಮಾನ ಬಂದಿತ್ತು, ಆದರೂ ಹೇಳಿದೆ."

"ಮತ್ತೇನದು?"

ಬೀದಿಯಲ್ಲಿ ಏಳೆಂಟು ಜನ ಸೇರಿದ್ದರು. "ಹಗೇವು," ಎಂದ. "ನಮ್ಮದು. ಮೂರಿವೆ. ಬರಕ್ಕೆ ಮುಂಚಿನವು. ತಾತ ಊರಿಗೆ ಕೊಟ್ಟದ್ದು ಕೊನೆಯದಾಗಿರಲಿಲ್ಲ."

ಹುಚ್ಚಯ್ಯ ಎತ್ತಿನ ಬೆನ್ನ ಮೇಲಿನ ನೊಣ ಓಡಿಸಿದ. ಜವರಮ್ಮ ಗಡಿಗೆಯನ್ನು ಪಕ್ಕಕ್ಕಿಟ್ಟು ಇಳಿದಳು. ಅವನನ್ನು ದಾಟಿ, ಗುಡಿಸಲಿನೊಳಗಿಂದ ಹಾದು, ಹಿಂಬಾಗಿಲಲ್ಲಿ ಹೊರಟು, ಗುಂಡಿಯ ಹತ್ತಿರ ಹೋಗಿ ನಿಂತಳು. ಚಿಕ್ಕಬಸಪ್ಪ ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದು ಎದ್ದು ನಿಂತ. ಅವಳು ಅವನ ಕಡೆ ನೋಡಲಿಲ್ಲ.

"ತೆಗೀರಿ," ಎಂದಳು.

ನಾಲ್ಕು ಜನ ಸೇರಿ ಚಪ್ಪಡಿ ಎತ್ತಿದರು. ಕಮಟು ವಾಸನೆ ಹಿತ್ತಿಲು ತುಂಬಿ ಬೀದಿಗೆ ಹರಿಯಿತು. ಮಧ್ಯಾಹ್ನದವರೆಗೆ ಕಾದರು. ಹಿತ್ತಿಲ ತುಂಬ ಜನ ನೆರೆದರು, ಈ ಸಲ ಯಾರ ಕೈಯಲ್ಲೂ ಮೊರವಿರಲಿಲ್ಲ. ಮೊದಲು ಇಳಿಸಿದ ದೀಪ ಆರಿತು. ಮತ್ತೆ ಕಾದು ಇಳಿಸಿದ್ದು ಉರಿಯಿತು. ಒಳಗೆ ರಾಗಿ ಇತ್ತು. ಕೊಳಗವನ್ನು ತಟ್ಟಿದರೆ ಕಾಳು ಕೂರುವ ಹಾಗೆ ಆ ದಿನದ ನಡುಕಕ್ಕೆ ರಾಗಿ ಕುಗ್ಗಿ ಕುಳಿತಿತ್ತು, ಮೇಲಿನ ಚಪ್ಪಡಿಯೂ ಮಣ್ಣೂ ಅದನ್ನು ಹಿಂಬಾಲಿಸಿದ್ದವು. ಬಸವಯ್ಯನ ಸ್ತರಭಂಗವೆಂದರೆ ಅಷ್ಟೇ.

ಸಿದ್ದಯ್ಯ ಹಗ್ಗ ಹಿಡಿದು ಇಳಿದು, ಮೇಲಿನ ಕಪ್ಪು ಹೆಪ್ಪನ್ನು ಒಡೆದು, ಕೆಳಗಿನಿಂದ ಒಂದು ಬೊಗಸೆ ಎತ್ತಿ ಕೊಟ್ಟ. ಜವರಮ್ಮ ಅದನ್ನು ಅಂಗೈಯಲ್ಲಿ ಹರಡಿ, ಹೆಬ್ಬೆರಳಲ್ಲಿ ಉಜ್ಜಿ, ಊದಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಡಿದಳು. ದಿನವೂ ಬೇರೆಯವರ ರಾಗಿಯನ್ನು ನೋಡುವ ರೀತಿಯಲ್ಲೇ ನೋಡಿದಳು.

"ಬೀಸ್ಬೋದು," ಎಂದಳು.

ಚಿಕ್ಕಬಸಪ್ಪ ಒಂದು ಹೆಜ್ಜೆ ಮುಂದೆ ಬಂದ. "ಜವರಿ, ಎಲ್ಲಾ ನೀನೇ ಮಡಿಕ್ಕೊ ಕಣವ್ವ. ಮೂರೂ ನಿಂದೇ."

"ಯಾಕೆ, ಮಡಿಕ್ಕೊಂಡು ನಾನೂ ಮುಚ್ಚಿಡ್ಲಾ ಪಟೇಲ್ರೇ?" ದನಿ ಏರಲಿಲ್ಲ. ಅವಳು ಬಸವಯ್ಯನ ಕಡೆ ತಿರುಗಿದಳು. "ನಮ್ಮವ್ವ ಮೊದ್ಲು ಓದ್ಲು. ಆಮೇಲೆ ಅಪ್ಪ. ಅಪ್ಪ ನಿಮ್ಮನೆ ಜಗ್ಲಿಗೆ ಬಂದು ಕೇಳ್ದಾಗ ನಾನೂ ಜೊತೇಲಿದ್ದೆ. ಒಂದು ಕಾಳೂ ಇಲ್ಲ ಅಂದ್ರು. ಆವತ್ತು ಇದ್ರೊಳಗೆ ಎಷ್ಟಿತ್ತು?"

"ಆವತ್ತಿದ್ದಷ್ಟೇ ಈಗಲೂ ಇದೆ ಜವರಕ್ಕ. ಯಾರೂ ಮುಟ್ಟಿಲ್ಲ."

"ಎಷ್ಟು ಅಂದೆ. ನೆಲ ಅಳ್ಯಾಕೆ ಬಂದೋನಲ್ವಾ ನೀನು? ಅಳ್ದು ಏಳು. ಇವ್ರೆಲ್ಲಾ ಕೇಳ್ಲಿ."

ಬಸವಯ್ಯ ಅಂಗಿ ಕಳಚಿ ತಾನೇ ಹಗ್ಗ ಹಿಡಿದು ಇಳಿದ. ಒಳಗೆ ಬಿಸಿಯಿತ್ತು. ರಾಗಿಯಲ್ಲಿ ಮೊಣಕಾಲುದ್ದ ಹೂತು ನಿಂತು, ಕಬ್ಬಿಣದ ಸಲಾಕೆಯನ್ನು ತಿರುವಿ ತಿರುವಿ ಕೆಳಗಿಳಿಸಿದ. ಅದು ತಳದ ಗರಸಿಗೆ ತಾಕಿದಾಗ ಕಾಳಿನ ಮಟ್ಟಕ್ಕೆ ಸರಿಯಾಗಿ ಉಗುರಲ್ಲಿ ಗುರುತು ಹಿಡಿದು ಮೇಲೆಳೆದ. ಟೇಪು ಹಿಡಿದು ಅಳೆದ. ತಪ್ಪಬಾರದೆಂದು ಇನ್ನೊಂದು ಕಡೆಯೂ ಇಳಿಸಿ ಅಳೆದ. ಮೇಲೆ ದುಂಡನೆಯ ಬೆಳಕಿನಲ್ಲಿ ತಲೆಗಳು ಬಗ್ಗಿದ್ದವು; ನಡುವೆ ಅವಳ ಮುಖ. ಅವನು ತಲೆಯೆತ್ತಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಎಂಟು ಅಡಿ ಐದು ಅಂಗುಲ."